ಪಾನೀನಿ ಸ್ಟಿಕರ್ ಆಲ್ಬಮ್‌ಗಳಲ್ಲಿ ದಾರಿಯೊ ಹ್ಯೂಬ್ನರ್

ನನ್ನ ಮೇಜಿನ ಮೇಲೆ ಇಟಲಿಯ ಪಾನೀನಿ ಸಂಸ್ಥೆಯ ಮೂರು ಹಳೆಯ ಫುಟ್‌ಬಾಲ್ ಸ್ಟಿಕರ್ ಆಲ್ಬಮ್‌ಗಳಿವೆ. ಒಂದು 1990-91ರದು, ಇನ್ನೊಂದು 1995-96ರದು, ಮೂರನೆಯದು 2001-02ರದು. ಮೂರರಲ್ಲೂ ಇರುವ ಆಟಗಾರರು ದಾರಿಯೊ ಹ್ಯೂಬ್ನರ್. ಮೊದಲ ಆಲ್ಬಮ್‌ನಲ್ಲಿ ಅವರ ಮುಖ ಹೆಸರುಕಾಳಿನಷ್ಟಿದೆ. ಎರಡನೆಯದರಲ್ಲಿ ಅರ್ಧ ಸ್ಟಿಕರ್‌ನ ಜಾಗ ಸಿಕ್ಕಿದೆ. ಮೂರನೆಯದರಲ್ಲಿ ಇಡೀ ಸ್ಟಿಕರ್ ಅವರೊಬ್ಬರದೇ. ಇಟಲಿಯ ಕೆಳದರ್ಜೆಯ ಲೀಗ್‌ಗಳಿಂದ ಮೇಲೆ ಬಂದ ಆಟಗಾರನ ಬದುಕನ್ನು ಇಷ್ಟು ನೇರವಾಗಿ ಅಳೆದು ತೋರಿಸುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ. ಆದ್ದರಿಂದ ಈ ಆಲ್ಬಮ್‌ಗಳು ಕೊಳ್ಳಲು ಯೋಗ್ಯವೇ, ಕೊಳ್ಳುವವರು ಏನನ್ನು ನೋಡಿ ಕೊಳ್ಳಬೇಕು ಎಂಬುದನ್ನು ಹ್ಯೂಬ್ನರ್ ಅವರ ದಾರಿಯನ್ನು ಹಿಡಿದೇ ಹೇಳುತ್ತೇನೆ.

ಪಾನೀನಿ ಎಂದೊಡನೆ ಕನ್ನಡಿಗರಿಗೆ ಅಷ್ಟಾಧ್ಯಾಯಿಯ ಪಾಣಿನಿ ನೆನಪಾಗುವುದು ಸಹಜ. ಇದು ಉತ್ತರ ಇಟಲಿಯ ಮೊದೆನಾ ಪಟ್ಟಣದ ಒಂದು ಕುಟುಂಬದ ಹೆಸರು. ಎರಡನೆಯ ಮಹಾಯುದ್ಧ ಮುಗಿದ ವರ್ಷ ಈ ಕುಟುಂಬ ಮೊದೆನಾದಲ್ಲಿ ಪತ್ರಿಕೆ ಮಾರುವ ಸಣ್ಣ ಅಂಗಡಿಯನ್ನು ಹಿಡಿಯಿತು. 1960ರಲ್ಲಿ ಜುಸೆಪ್ಪೆ ಮತ್ತು ಬೆನಿತೊ ಎಂಬ ಸಹೋದರರು ಮಿಲಾನ್‌ನ ಪ್ರಕಾಶಕರೊಬ್ಬರ ಬಳಿ ಮಾರಾಟವಾಗದೆ ಉಳಿದಿದ್ದ ಆಟಗಾರರ ಚಿತ್ರಗಳನ್ನು ಕೊಂಡು, ಸಣ್ಣ ಪೊಟ್ಟಣಗಳಲ್ಲಿ ಹಾಕಿ ಮಾರಿದರು. ಒಳಗೆ ಯಾರ ಚಿತ್ರವಿದೆ ಎಂದು ಒಡೆಯುವವರೆಗೂ ತಿಳಿಯದಿದ್ದುದೇ ಆ ವ್ಯಾಪಾರದ ಗುಟ್ಟಾಗಿತ್ತು. ಮರುವರ್ಷ, ಅಂದರೆ 1961ರಲ್ಲಿ, ಅವರು ತಮ್ಮದೇ ಚಿತ್ರಗಳನ್ನೂ ಅವುಗಳನ್ನು ಅಂಟಿಸಲು ಒಂದು ಆಲ್ಬಮ್ಮನ್ನೂ ಹೊರತಂದರು. ‘ಕಾಲ್ಚಾತೋರಿ’, ಎಂದರೆ ಫುಟ್‌ಬಾಲ್ ಆಟಗಾರರು, ಎಂಬ ಹೆಸರಿನ ಆ ಆಲ್ಬಮ್ ಅಂದಿನಿಂದ ಋತುವಿಗೊಂದರಂತೆ ಬರುತ್ತಲೇ ಇದೆ. ಚಿತ್ರಗಳನ್ನು ಬೆರೆಸಿ ಪೊಟ್ಟಣಕ್ಕೆ ತುಂಬುವ ಕೆಲಸ ಮೊದಮೊದಲು ಕೈಯಿಂದಲೇ ನಡೆಯುತ್ತಿತ್ತು. ಆಮೇಲೆ ತಮ್ಮಂದಿರಲ್ಲೊಬ್ಬರಾದ ಉಂಬೆರ್ತೊ ‘ಫಿಫಿಮ್ಯಾಟಿಕ್’ ಎಂಬ ಯಂತ್ರವನ್ನು ರೂಪಿಸಿದರು. ಒಂದು ಪೊಟ್ಟಣದಲ್ಲಿ ಒಂದೇ ಚಿತ್ರ ಎರಡು ಸಲ ಬರದಂತೆ ನೋಡಿಕೊಳ್ಳುವುದು ಆ ಯಂತ್ರದ ಹೆಚ್ಚುಗಾರಿಕೆ.

ಸ್ಟಿಕರ್‌ಗಳನ್ನು ಇಟಲಿಯಲ್ಲಿ ‘ಫಿಗುರೀನೆ’ ಎನ್ನುತ್ತಾರೆ. ಶಾಲೆಯ ಅಂಗಳದಲ್ಲಿ ಮಕ್ಕಳು ತಮ್ಮಲ್ಲಿ ಹೆಚ್ಚಾದ ಸ್ಟಿಕರ್‌ಗಳ ಕಟ್ಟನ್ನು ಒಬ್ಬರ ಮುಂದೆ ಒಬ್ಬರು ಸರಸರನೆ ತಿರುವಿಹಾಕುತ್ತ ‘ಚೆಲೊ, ಚೆಲೊ, ಮಂಕಾ’ ಎನ್ನುತ್ತಾರೆ. ಇದೆ, ಇದೆ, ಇಲ್ಲ ಎಂದು ಅದರ ಅರ್ಥ. ಬೆಂಕಿಪೊಟ್ಟಣದ ಚಿತ್ರಗಳನ್ನೋ, ಬಬಲ್‌ಗಮ್ ಜೊತೆಗೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳನ್ನೋ ಗೆಳೆಯರೊಡನೆ ಅದಲುಬದಲು ಮಾಡಿಕೊಂಡು ಬೆಳೆದ ನನ್ನಂಥವರಿಗೆ ಈ ಆಟವನ್ನು ಯಾರೂ ವಿವರಿಸಬೇಕಾಗಿಲ್ಲ. ಸಿಗದ ಚಿತ್ರದ ಕಥೆಗಳೂ ಇದ್ದೇ ಇರುತ್ತವೆ. ಅರವತ್ತರ ದಶಕದ ಮೊದಲರ್ಧದಲ್ಲಿ ಅತಲಾಂತಾ ತಂಡದ ಗೋಲ್‌ಕೀಪರ್ ಪಿಯೆರ್ ಲುಯಿಜಿ ಪಿತ್ಸಬಲ್ಲಾ ಅವರ ಚಿತ್ರ ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲವಂತೆ. ಎಲ್ಲೂ ಸಿಗದ ವಸ್ತುವನ್ನು ಇಟಲಿಯಲ್ಲಿ ಇಂದಿಗೂ ಅವರ ಹೆಸರಿನಿಂದ ಕರೆಯುವವರಿದ್ದಾರೆ.

ಆಲ್ಬಮ್ಮಿನ ಒಳರಚನೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ ವಿಷಯ. ಇಟಲಿಯ ವೃತ್ತಿಪರ ಫುಟ್‌ಬಾಲ್ ಆ ದಿನಗಳಲ್ಲಿ ಮೇಲಿನಿಂದ ಕೆಳಕ್ಕೆ ಸೀರಿ ಎ, ಸೀರಿ ಬಿ, ಸೀರಿ ಸಿ1 ಮತ್ತು ಸೀರಿ ಸಿ2 ಎಂದು ನಾಲ್ಕು ಮೆಟ್ಟಿಲುಗಳಾಗಿತ್ತು. ಅದಕ್ಕೂ ಕೆಳಗೆ ಹವ್ಯಾಸಿಗಳ ಲೀಗ್‌ಗಳು. ಎಂಬತ್ತು, ತೊಂಬತ್ತರ ದಶಕಗಳ ಆಲ್ಬಮ್‌ಗಳು ಈ ಮೆಟ್ಟಿಲುಗಳನ್ನು ಸ್ಟಿಕರ್‌ನ ಅಳತೆಯಲ್ಲೇ ತೋರಿಸುತ್ತವೆ. ಸೀರಿ ಎ ಆಟಗಾರನಿಗೆ ಒಂದು ಪೂರ್ತಿ ಸ್ಟಿಕರ್. ಸೀರಿ ಬಿಯವನಾದರೆ ಒಂದೇ ಸ್ಟಿಕರ್‌ನಲ್ಲಿ ಇಬ್ಬರು ಅಕ್ಕಪಕ್ಕ. ಸೀರಿ ಸಿ ತಂಡಗಳಿಗೆ ಗುಂಪುಚಿತ್ರ ಮಾತ್ರ, ಅಂದರೆ ಇಡೀ ತಂಡ ಎರಡು ಸಾಲಿನಲ್ಲಿ ನಿಂತು ಕೂತು ತೆಗೆಸಿಕೊಂಡ ಒಂದೇ ಫೋಟೊ. ಹವ್ಯಾಸಿಗಳಿಗೆ ಅದೂ ಇಲ್ಲ.

ಹ್ಯೂಬ್ನರ್ ಹುಟ್ಟಿದ್ದು 1967ರ ಏಪ್ರಿಲ್ 28ರಂದು, ತ್ರಿಯೆಸ್ತೆಯ ಪಕ್ಕದ ಮುಜ್ಜಾ ಎಂಬ ಕಡಲತೀರದ ಊರಿನಲ್ಲಿ. ದೊಡ್ಡ ಕ್ಲಬ್ಬುಗಳ ಕಿರಿಯರ ತರಬೇತಿ ಶಾಲೆಯಲ್ಲಿ ಬೆಳೆದವರಲ್ಲ. ಓದನ್ನು ಬೇಗ ಬಿಟ್ಟು ಕಮ್ಮಾರಿಕೆಯ, ಕಿಟಕಿ ಬಾಗಿಲುಗಳ ಚೌಕಟ್ಟು ಮಾಡುವ ಕೆಲಸಕ್ಕೆ ಸೇರಿದವರು. ಆಟವೇನಿದ್ದರೂ ಕೆಲಸ ಮುಗಿದ ಮೇಲೆ, ಊರಿನ ತಂಡದಲ್ಲಿ. ಇಪ್ಪತ್ತನೆಯ ವಯಸ್ಸಿಗೆ ಪಿಯೆವಿಜೀನಾ ಎಂಬ ಹವ್ಯಾಸಿ ತಂಡ ಸೇರಿದರು. ಮಿಲಾನ್, ಯುವೆಂಟಸ್‌ಗಳಲ್ಲಿ ಆಡುವವರು ಅಷ್ಟರಲ್ಲಿ ಮೊದಲ ದರ್ಜೆಯಲ್ಲಿ ಕಾಲೂರಿರುವ ವಯಸ್ಸು ಅದು. 1988ರಲ್ಲಿ ಕ್ರೆಮಾ ಪಟ್ಟಣದ ಪೆರ್ಗೊಕ್ರೆಮಾ ಅವರನ್ನು ಸಿ2ಗೆ ತಂದಿತು. ಮರುವರ್ಷ ಏಡ್ರಿಯಾಟಿಕ್ ಕಡಲತೀರದ ಫಾನೊ ತಂಡಕ್ಕೆ ಹೋದರು. ಆ ಋತುವಿನ ಕೊನೆಯಲ್ಲಿ ಫಾನೊ ಸಿ1ಕ್ಕೆ ಏರಿತು.

ಮೇಜಿನ ಮೇಲಿನ ಮೊದಲ ಆಲ್ಬಮ್ ಅದರ ಮುಂದಿನ ಋತುವಿನದು. ಸಿ1 ತಂಡಗಳು ಆಲ್ಬಮ್ಮಿನ ಕೊನೆಯ ಪುಟಗಳಲ್ಲಿವೆ. ಫಾನೊ ತಂಡದ ಚಿತ್ರವನ್ನು ನಾನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದ್ದೇನೆ. ಹಿಂದಿನ ಸಾಲಿನಲ್ಲಿ ಕೈ ಹಿಂದೆ ಕಟ್ಟಿ ನಿಂತವರು, ಮುಂದಿನ ಸಾಲಿನಲ್ಲಿ ಮೊಣಕಾಲೂರಿ ಕೂತವರು. ಗಾಜಿನ ಕೆಳಗೆ ಮುಖಗಳು ದೊಡ್ಡವಾಗುವ ಬದಲು ಬಣ್ಣದ ಚುಕ್ಕೆಗಳಾಗಿ ಒಡೆಯುತ್ತವೆ. ಆಗಿನ ಅಚ್ಚಿನ ಕ್ರಮವೇ ಅಂಥದ್ದು. ಕಣ್ಣು ಮೂಗು ಎಂದು ನಾವು ತಿಳಿದದ್ದು ಹತ್ತಿರದಿಂದ ನೋಡಿದರೆ ಕೆಂಪು, ಹಳದಿ, ನೀಲಿ, ಕಪ್ಪು ಚುಕ್ಕೆಗಳ ಗುಂಪು. ಆ ಗುಂಪಿನ ನಡುವೆ ಹ್ಯೂಬ್ನರ್ ಯಾರು ಎಂದು ಬೆರಳಿಟ್ಟು ತೋರಿಸಲು ಆ ಕಾಲದ ಫಾನೊ ಅಭಿಮಾನಿಯೇ ಬರಬೇಕು. ಆದರೆ ಮುಂದಿನ ಋತುವಿನಲ್ಲಿ, 1991-92ರಲ್ಲಿ, ಅದೇ ಹ್ಯೂಬ್ನರ್ 14 ಗೋಲು ಹೊಡೆದು ಸಿ1ರಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರಾದರು.

1992ರಲ್ಲಿ ಸೀರಿ ಬಿಯ ಚೆಸೆನಾ ಅವರನ್ನು ಕರೆದುಕೊಂಡಿತು. ಅಲ್ಲಿ ಅವರು ಐದು ವರ್ಷ ಇದ್ದರು. ಸೀರಿ ಬಿಯಲ್ಲಿ ಐದು ವರ್ಷ ಎಂದರೆ ಐದು ಆಲ್ಬಮ್‌ಗಳಲ್ಲಿ ಇನ್ನೊಬ್ಬರೊಡನೆ ಹಂಚಿಕೊಂಡ ಜಾಗ. ನನ್ನ ಎರಡನೆಯ ಆಲ್ಬಮ್ 1995-96ರದು. ಈ ಆಲ್ಬಮ್ಮನ್ನು ನಾನು ಪದೇಪದೇ ತೆರೆಯುತ್ತೇನೆ. ಅದಕ್ಕೆ ಕಾರಣವಿದೆ. ಆ ವರ್ಷ ಹ್ಯೂಬ್ನರ್ ಚೆಸೆನಾ ಪರವಾಗಿ 22 ಗೋಲು ಹೊಡೆದು ಸೀರಿ ಬಿಯಲ್ಲಿ ಮೊದಲಿಗರಾದರು. ಅದೇ ಋತುವಿನಲ್ಲಿ ಮೇಲಿನ ಮೆಟ್ಟಿಲಿನಲ್ಲಿ, ಸೀರಿ ಎಯಲ್ಲಿ, ಬಾರಿ ತಂಡದ ಇಗೊರ್ ಪ್ರೊತ್ತಿ 24 ಗೋಲು ಹೊಡೆದು ಲಾತ್ಸಿಯೊ ತಂಡದ ಜುಸೆಪ್ಪೆ ಸಿನ್ಯೋರಿ ಜೊತೆಗೆ ಅಗ್ರಸ್ಥಾನ ಹಂಚಿಕೊಂಡರು. ಅಷ್ಟು ಗೋಲು ಬಂದರೂ ಬಾರಿ ತಂಡ ಕೆಳದರ್ಜೆಗೆ ಬಿತ್ತು. ಪ್ರೊತ್ತಿ ಮುಂದೆ ಲಿವೊರ್ನೊ ತಂಡದೊಂದಿಗೆ ಸಿ1ಗೆ ಇಳಿದು ಅಲ್ಲಿಯೂ, ತಂಡವನ್ನು ಮೇಲೆತ್ತಿದ ಬಳಿಕ 2002-03ರಲ್ಲಿ ಸೀರಿ ಬಿಯಲ್ಲಿಯೂ ಗೋಲುಗಳ ಪಟ್ಟಿಯಲ್ಲಿ ಮೊದಲಿಗರಾದರು. ಹ್ಯೂಬ್ನರ್ ಕೆಳಗಿನಿಂದ ಮೇಲಕ್ಕೆ ಹತ್ತಿದರೆ ಪ್ರೊತ್ತಿ ಮೇಲಿನಿಂದ ಕೆಳಕ್ಕೆ ಬಂದು ಮತ್ತೆ ಹತ್ತಿದರು. ಇಟಲಿಯ ಈ ಮೂರೂ ದರ್ಜೆಗಳಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರೆನಿಸಿಕೊಂಡ ಇಬ್ಬರೇ ಆಟಗಾರರು ಇವರು. ಆ ಇಬ್ಬರೂ ಒಂದೇ ಆಲ್ಬಮ್ಮಿನಲ್ಲಿ, ಒಬ್ಬರು ಪೂರ್ತಿ ಸ್ಟಿಕರ್ ಆಗಿ, ಇನ್ನೊಬ್ಬರು ಅರ್ಧ ಸ್ಟಿಕರ್ ಆಗಿ ಇದ್ದಾರೆ. ಅದನ್ನು ಅಂಟಿಸಿದ ಹುಡುಗನಿಗೆ ಮುಂದೇನಾಗುವುದೆಂದು ತಿಳಿದಿರಲು ಸಾಧ್ಯವಿರಲಿಲ್ಲ.

ಹಾಗಾದರೆ ಕೆಳದರ್ಜೆಯವರನ್ನು ಹೀಗೆ ಗುಂಪಿನಲ್ಲಿ ಮುಗಿಸಿಬಿಟ್ಟದ್ದು ಸರಿಯೇ? ಮೊದಲು ನನಗೆ ಇದರಿಂದ ಬೇಸರವಾಗಿತ್ತು. ಲೆಕ್ಕ ಹಾಕಿ ನೋಡಿದ ಮೇಲೆ ಪ್ರಕಾಶಕರ ಕಷ್ಟ ಅರ್ಥವಾಯಿತು. 1990-91ರಲ್ಲಿ ಸಿ1ರಲ್ಲಿ 36 ತಂಡಗಳೂ ಸಿ2ರಲ್ಲಿ 72 ತಂಡಗಳೂ ಇದ್ದವು. ತಂಡಕ್ಕೆ ಇಪ್ಪತ್ತು ಜನರೆಂದು ಹಿಡಿದರೂ ಈ 108 ತಂಡಗಳಿಂದಲೇ 2,160 ಸ್ಟಿಕರ್‌ಗಳಾಗುತ್ತಿದ್ದವು. ಅಷ್ಟನ್ನು ಜೇಬುಖರ್ಚಿನ ಹಣದಲ್ಲಿ ಯಾವ ಮಗುವೂ ಕೂಡಿಸಲಾರದು. ಗುಂಪುಚಿತ್ರವಾದರೂ ಇರಲಿ ಎಂದು ಅವರು ಉಳಿಸಿಕೊಂಡದ್ದರಿಂದಲೇ ಫಾನೊದಂಥ ಊರಿನ ಹುಡುಗರು ತಮ್ಮ ತಂಡವನ್ನೂ ಯುವೆಂಟಸ್ ಇರುವ ಪುಸ್ತಕದಲ್ಲೇ ಕಾಣಲು ಸಾಧ್ಯವಾಯಿತು. ದರ್ಜೆಯ ಅಂತರವನ್ನು ಮುಚ್ಚಿಡದೆ, ಕೆಳಗಿನವರನ್ನು ಹೊರಗೂ ಇಡದೆ ಮಾಡಿದ ಈ ಏರ್ಪಾಡನ್ನು ನಾನೀಗ ಆಲ್ಬಮ್ಮಿನ ದೊಡ್ಡ ಗುಣವೆಂದೇ ಎಣಿಸುತ್ತೇನೆ.

1997ರಲ್ಲಿ ಚೆಸೆನಾ ಸಿ1ಕ್ಕೆ ಬಿದ್ದಿತು. ಹ್ಯೂಬ್ನರ್ ಮಾತ್ರ ಮೇಲಕ್ಕೆ ಹೋದರು. ಆಗಷ್ಟೇ ಸೀರಿ ಎಗೆ ಏರಿದ್ದ ಬ್ರೆಶಾ ಅವರನ್ನು ಕೊಂಡಿತು. ಮೊದಲ ಪಂದ್ಯ 1997ರ ಆಗಸ್ಟ್ 31ರಂದು, ಮಿಲಾನ್‌ನ ಸಾನ್ ಸಿರೊ ಅಂಗಳದಲ್ಲಿ ಇಂಟರ್ ವಿರುದ್ಧ. ಜಗತ್ತಿನ ಕಣ್ಣೆಲ್ಲ ಇಂಟರ್ ಪರವಾಗಿ ಮೊದಲ ಲೀಗ್ ಪಂದ್ಯವಾಡುತ್ತಿದ್ದ ಬ್ರೆಜಿಲ್‌ನ ರೊನಾಲ್ಡೊ ಮೇಲೆ ನೆಟ್ಟಿತ್ತು. ಮೊದಲ ಗೋಲು ಹೊಡೆದವರು ಮೂವತ್ತು ವರ್ಷದ ಹ್ಯೂಬ್ನರ್. ಕೊನೆಯ ಹತ್ತು ನಿಮಿಷಗಳಲ್ಲಿ ಉರುಗ್ವೆಯ ಅಲ್ವಾರೊ ರೆಕೋಬಾ ಎರಡು ಗೋಲು ಹೊಡೆದು ಪಂದ್ಯವನ್ನು ಇಂಟರ್ ಕಡೆಗೆ ತಿರುಗಿಸಿದರು. ಆ ಋತುವಿನಲ್ಲಿ ಹ್ಯೂಬ್ನರ್ 16 ಗೋಲು ಹೊಡೆದರೂ ಬ್ರೆಶಾ ಉಳಿಯಲಿಲ್ಲ. ಅವರು ತಂಡದ ಜೊತೆಗೇ ಸೀರಿ ಬಿಗೆ ಇಳಿದು, 2000ದಲ್ಲಿ ತಂಡದ ಜೊತೆಗೇ ಮತ್ತೆ ಮೇಲೆ ಬಂದರು. ಅದೇ ವರ್ಷ, ಕಾರ್ಲೊ ಮಾತ್ಸೋನೆ ತರಬೇತುದಾರರಾಗಿದ್ದ ಆ ತಂಡಕ್ಕೆ ಇಟಲಿಯ ಹೆಸರಾಂತ ಆಟಗಾರ ರೊಬೆರ್ತೊ ಬಾಜ್ಜೊ ಬಂದು ಸೇರಿದರು. ಬಾಜ್ಜೊ ಪಕ್ಕದಲ್ಲಿ ಆಡಿ ಹ್ಯೂಬ್ನರ್ 17 ಗೋಲು ಗಳಿಸಿದರು.

ಅಷ್ಟಾದರೂ 2001ರ ಬೇಸಿಗೆಯಲ್ಲಿ ಬ್ರೆಶಾ ಅವರನ್ನು ಪಿಯಾಚೆಂತ್ಸಾಗೆ ಬಿಟ್ಟುಕೊಟ್ಟು, ಅವರ ಜಾಗಕ್ಕೆ ಲುಕಾ ತೋನಿ ಎಂಬ ಇಪ್ಪತ್ತನಾಲ್ಕರ ಯುವಕರನ್ನು ತಂದಿತು. ತೋನಿ ಕೂಡ ಕೆಳಗಿನ ಮೆಟ್ಟಿಲುಗಳಿಂದ ಬಂದವರೇ. ಈ ಆಲ್ಬಮ್‌ಗಳ ಊರಾದ ಮೊದೆನಾದ ಜಿಲ್ಲೆಯಲ್ಲೇ ಹುಟ್ಟಿ, ಮೊದೆನಾ ತಂಡದಲ್ಲಿ ಸಿ1 ಆಡಿ ಬೆಳೆದವರು.

ನನ್ನ ಮೂರನೆಯ ಆಲ್ಬಮ್ ಆ ಋತುವಿನದು. ಪಿಯಾಚೆಂತ್ಸಾದ ಪುಟದಲ್ಲಿ ಕೆಂಪು ಅಂಗಿಯ ಹ್ಯೂಬ್ನರ್ ಪೂರ್ತಿ ಸ್ಟಿಕರ್ ತುಂಬಿ ನಿಂತಿದ್ದಾರೆ. ಅವರನ್ನು ಅಭಿಮಾನಿಗಳು ‘ತತಾಂಕಾ’ ಎಂದು ಕರೆಯುತ್ತಿದ್ದರು. ಅಮೆರಿಕದ ಮೂಲನಿವಾಸಿ ಲಕೋಟಾ ಜನರ ಭಾಷೆಯಲ್ಲಿ ಅದು ಕಾಡುಕೋಣದಂಥ ಬೈಸನ್‌ಗೆ ಇರುವ ಹೆಸರು. ಸ್ಟಿಕರ್‌ನಲ್ಲಿನ ಮುಖ ನೋಡಿದರೆ ಆ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ಅಕ್ಕಪಕ್ಕದ ಹುಡುಗರ ಮುಖಗಳಲ್ಲಿ ಕ್ಷೌರದಂಗಡಿಯ ಹೊಸತನವಿದೆ, ಇವರ ಮುಖದಲ್ಲಿ ಕೆಲಸ ಮಾಡಿ ದಣಿದವರ ಗಟ್ಟಿತನವಿದೆ. ಆ ವರ್ಷ ಅವರು 24 ಗೋಲು ಹೊಡೆದು, ಯುವೆಂಟಸ್‌ನ ದಾವಿದ್ ತ್ರೆಜೆಗೆ ಅವರೊಡನೆ ಸೀರಿ ಎಯ ಅಗ್ರಸ್ಥಾನ ಹಂಚಿಕೊಂಡರು. ಋತು ಮುಗಿಯುವಾಗ ಅವರಿಗೆ ಮೂವತ್ತೈದು ತುಂಬಿತ್ತು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೆ ಬಂದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. 2015ರಲ್ಲಿ ಆ ದಾಖಲೆಯನ್ನು ಮುರಿದವರು ಬ್ರೆಶಾದಲ್ಲಿ ಅವರ ಜಾಗಕ್ಕೆ ಬಂದ ಅದೇ ಲುಕಾ ತೋನಿ, ವೆರೋನಾ ತಂಡದ ಪರವಾಗಿ, ಮೂವತ್ತೆಂಟನೆಯ ವಯಸ್ಸಿನಲ್ಲಿ.

ಇಟಲಿಯ ರಾಷ್ಟ್ರೀಯ ತಂಡದ ಅಂಗಿ ಹ್ಯೂಬ್ನರ್ ಅವರಿಗೆ ಒಮ್ಮೆಯೂ ಸಿಗಲಿಲ್ಲ. 2002ರ ವಿಶ್ವಕಪ್‌ಗೂ ಅವರನ್ನು ಆರಿಸಲಿಲ್ಲ. ಆ ಬೇಸಿಗೆಯಲ್ಲಿ ಎ.ಸಿ. ಮಿಲಾನ್ ಅವರನ್ನು ಅಮೆರಿಕದ ಪ್ರವಾಸಕ್ಕೆ ಕರೆದೊಯ್ದು ಪರೀಕ್ಷಿಸಿತಾದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟು ಗೋಲು ಗಳಿಸಿದವರಿಗೆ ಒಂದೇ ಒಂದು ಪಂದ್ಯವನ್ನಾದರೂ ಕೊಡಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಇನ್ನು ವಸ್ತುವಿನ ಗುಣಮಟ್ಟ. ತೊಂಬತ್ತರ ದಶಕದ ಈ ಆಲ್ಬಮ್‌ಗಳು ಮೂವತ್ತು ವರ್ಷ ಕಳೆದರೂ ಚೆನ್ನಾಗಿ ಉಳಿದಿವೆ. ಪಾನೀನಿ ಹಿಂಬದಿಯಲ್ಲಿ ಅಂಟು ಇರುವ ಸ್ಟಿಕರ್‌ಗಳಿಗೆ ಬದಲಾದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಅದಕ್ಕಿಂತ ಹಳೆಯ ಆಲ್ಬಮ್‌ಗಳಲ್ಲಿ ಮನೆಯ ಗೋಂದಿನ ಕಲೆ, ಉಬ್ಬಿದ ಪುಟ ಸಾಮಾನ್ಯ. ನನ್ನ ಮೂರರಲ್ಲಿ ಅಂಟು ಎಲ್ಲಿಯೂ ಬಿಟ್ಟಿಲ್ಲ, ಬಣ್ಣವೂ ಮಾಸಿಲ್ಲ. ದುರ್ಬಲ ಜಾಗವೆಂದರೆ ಬೆನ್ನು. ಎರಡು ಪಿನ್ನುಗಳಲ್ಲಿ ನಿಂತಿರುವ ಪುಟಗಳು ಸ್ಟಿಕರ್‌ಗಳಿಂದ ದಪ್ಪವಾಗುತ್ತ ಹೋದಂತೆ ನಡುವಿನ ಹಾಳೆಗಳು ಪಿನ್ನಿನಿಂದ ಕಿತ್ತು ಬರುತ್ತವೆ. ನನ್ನ 1990-91ರ ಆಲ್ಬಮ್ಮಿನಲ್ಲಿ ಹಾಗೆ ಸಡಿಲವಾದ ಹಾಳೆಯನ್ನು ಹಿಂದಿನ ಒಡೆಯ ಸೆಲೊಟೇಪ್ ಹಾಕಿ ಸರಿಪಡಿಸಿದ್ದಾನೆ. ಟೇಪು ಈಗ ಜೇನುಬಣ್ಣಕ್ಕೆ ತಿರುಗಿದೆ. ಅಂಟಿಸುವಾಗ ಒಂದೆರಡು ಸ್ಟಿಕರ್‌ಗಳನ್ನು ಓರೆಯಾಗಿ ಅಂಟಿಸಿದ್ದಾನೆ, ಆದರೆ ತನ್ನ ಊರಿನ ತಂಡವಿರಬಹುದಾದ ಒಂದು ಪುಟದಲ್ಲಿ ಅಂಚಿಗೆ ಅಂಚು ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿದ್ದಾನೆ.

ಕೊಳ್ಳುವವರಿಗೆ ನನ್ನ ಅನುಭವದಿಂದ ಒಂದು ಎಚ್ಚರಿಕೆ ಹೇಳಬೇಕು. ಹಳೆಯ ಸಾಮಾನು ಮಾರುವವರೊಬ್ಬರು ಪೂರ್ತಿ ತುಂಬಿದ ಆಲ್ಬಮ್ ಎಂದು ನನಗೆ ಒಂದನ್ನು ಕಳುಹಿಸಿದರು. ಬಂದ ಮೇಲೆ ನೋಡಿದರೆ ಏಳು ಸ್ಟಿಕರ್‌ಗಳು ಬಣ್ಣದ ಪ್ರತಿ ತೆಗೆದು ಕತ್ತರಿಸಿ ಅಂಟಿಸಿದವು. ಹಿಂದಿರುಗಿಸಲು ಎರಡು ತಿಂಗಳು ಪತ್ರ ಬರೆಯಬೇಕಾಯಿತು. ಅಂದಿನಿಂದ ನಾನು ಕಿಟಕಿಯ ಬೆಳಕಿಗೆ ಪುಟವನ್ನು ಓರೆಯಾಗಿ ಹಿಡಿದು ನೋಡದೆ ಕೊಳ್ಳುವುದಿಲ್ಲ. ಅಸಲಿ ಸ್ಟಿಕರ್‌ಗಳೆಲ್ಲ ಒಂದೇ ಬಗೆಯಲ್ಲಿ ಹೊಳೆಯುತ್ತವೆ, ಪ್ರತಿ ತೆಗೆದದ್ದು ಮಂಕಾಗಿ ಬೇರೆಯೇ ಕಾಣುತ್ತದೆ. ಯಂತ್ರ ಕತ್ತರಿಸಿದ ಅಂಚಿಗೂ ಕತ್ತರಿಯ ಅಂಚಿಗೂ ಇರುವ ವ್ಯತ್ಯಾಸವನ್ನು ಬೆರಳೇ ಹೇಳುತ್ತದೆ. ಇನ್ನೊಂದು ಗೊಂದಲ ಮರುಮುದ್ರಣಗಳದ್ದು. 1994ರಲ್ಲಿ ‘ಲೂನಿತಾ’ ದಿನಪತ್ರಿಕೆ ಹಳೆಯ ಪಾನೀನಿ ಆಲ್ಬಮ್‌ಗಳನ್ನು ಮತ್ತೆ ಅಚ್ಚು ಹಾಕಿಸಿ ಪತ್ರಿಕೆಯ ಜೊತೆಗೆ ಹಂಚಿತ್ತು. ಅವುಗಳಲ್ಲಿ ಚಿತ್ರಗಳು ಪುಟದ ಮೇಲೆಯೇ ಮುದ್ರಣವಾಗಿರುತ್ತವೆ, ಅಂಟಿಸಿದವಲ್ಲ. ಬೆರಳಾಡಿಸಿದರೆ ಎಲ್ಲಿಯೂ ಏಣು ತಗಲದಿದ್ದರೆ ಅದು ಮರುಮುದ್ರಣ ಎಂದು ತಿಳಿಯಬೇಕು. ಓದಲು, ನೋಡಲು ಅವೂ ಚೆನ್ನಾಗಿವೆ, ಬೆಲೆಯೂ ಕಡಿಮೆ. ಅಸಲಿಯ ಬೆಲೆ ಕೊಟ್ಟು ಮಾತ್ರ ಕೊಳ್ಳಬಾರದು.

ಸಂಗ್ರಹಕಾರರು ಸಾಮಾನ್ಯವಾಗಿ ಮರಡೋನ, ಬಾಜ್ಜೊ ಇರುವ ಪುಟಗಳನ್ನು ನೋಡಿಯೇ ಬೆಲೆ ಕಟ್ಟುತ್ತಾರೆ. ಕೊನೆಯ ಪುಟಗಳನ್ನು ಯಾರೂ ತಿರುವುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಲ್ಲಿಂದಲೇ ನೋಡಲು ಶುರುಮಾಡಬೇಕು. ಇಂದು ಹೆಸರು ಬದಲಾಗಿರುವ, ದಿವಾಳಿಯಾಗಿ ಮುಚ್ಚಿಹೋಗಿರುವ ಎಷ್ಟೋ ತಂಡಗಳ ಗುಂಪುಚಿತ್ರಗಳು ಅಲ್ಲಿವೆ. ಮೊದೆನಾಗೆ ಹೋಗುವವರು ಜುಸೆಪ್ಪೆ ಪಾನೀನಿ ಕೂಡಿಸಿದ ಚಿತ್ರಗಳಿಂದ ಹುಟ್ಟಿದ ಫಿಗುರೀನಾ ವಸ್ತುಸಂಗ್ರಹಾಲಯವನ್ನೂ ತಪ್ಪದೆ ನೋಡಲಿ.

2003ರಲ್ಲಿ ಪಿಯಾಚೆಂತ್ಸಾ ಸೀರಿ ಬಿಗೆ ಬಿದ್ದ ಮೇಲೆ ಹ್ಯೂಬ್ನರ್ ಅಂಕೋನಾಗೆ, ಅಲ್ಲಿಂದ ಋತುವಿನ ನಡುವೆಯೇ ಪೆರುಜಾಗೆ ಹೋದರು. ಸೀರಿ ಎಯಲ್ಲಿ ಒಟ್ಟು 74 ಗೋಲು ಗಳಿಸಿ, 2004ರಲ್ಲಿ ಮಾಂತೊವಾ ತಂಡದೊಡನೆ ಮತ್ತೆ ಸಿ1ಕ್ಕೆ ಇಳಿದರು. ಆಮೇಲೆ ಕಿಯಾರಿ, ರೊದೆಂಗೊ ಸಯಾನೊ, ಕವೆನಾಗೊ ಎಂಬ ಸಣ್ಣ ಊರುಗಳ ತಂಡಗಳಲ್ಲಿ, ನಲವತ್ತು ದಾಟಿದ ಮೇಲೂ, ಆಲ್ಬಮ್‌ಗಳ ಆಚೆಗೆ ಆಡುತ್ತಲೇ ಇದ್ದರು. ಅವರು ಚೆಸೆನಾಗೆ ಬಂದ ಮೊದಲ ವರ್ಷದ ಆಲ್ಬಮ್ ನನಗೆ ಇನ್ನೂ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿಲ್ಲ. ಕೊಳ್ಳಬೇಕಾದವುಗಳ ಪಟ್ಟಿಯಲ್ಲಿ 1992-93ರ ಮುಂದೆ ‘ಮಂಕಾ’ ಎಂದು ಬರೆದಿಟ್ಟಿದ್ದೇನೆ.